ಜನರಲ್ ಯಮಾಶಿತನ ವಿಚಾರಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡನೆಯ ಮಹಾಯುದ್ಧದ ಜಪಾನಿ ಸೇನಾಧಿಪತಿಗಳಲ್ಲಿ ಟೊಮೊಯುಕಿ ಯಮಾಶಿತನ ಹೆಸರು ಎರಡು ಕಾರಣಕ್ಕೆ ಉಳಿದಿದೆ. ಸಿಂಗಾಪುರವನ್ನು ಗೆದ್ದದ್ದು ಒಂದು, ಮನಿಲಾದ ನ್ಯಾಯಾಸನದ ಮುಂದೆ ಸೋತದ್ದು ಇನ್ನೊಂದು. ಎರಡನೆಯದರ ಬಗ್ಗೆ ಕಾನೂನು ಓದುವವರು ಇಂದಿಗೂ ಜಗಳವಾಡುತ್ತಾರೆ. ಯುದ್ಧದ ಚರಿತ್ರೆ ಓದುವವರು ಕೇಳುವ ಪ್ರಶ್ನೆಗಳಿಗೆ, ಅವರ ಸಿಟ್ಟಿಗೂ ಅನುಮಾನಗಳಿಗೂ, ಇಲ್ಲಿ ಉತ್ತರಿಸಲು ನೋಡಿದ್ದೇನೆ. ಚರಿತ್ರೆಗೆ ಸೇರಿಹೋದವರನ್ನು ಏಕವಚನದಲ್ಲಿ ಬರೆಯುವ ನಮ್ಮ ರೂಢಿಯನ್ನೇ ಅನುಸರಿಸಿದ್ದೇನೆ. ಅದರಲ್ಲಿ ಗೌರವವನ್ನೂ ಹುಡುಕಬೇಡಿ, ತಿರಸ್ಕಾರವನ್ನೂ ಹುಡುಕಬೇಡಿ.

ಯಮಾಶಿತ ಯಾರು?

ಶಿಕೋಕು ದ್ವೀಪದ ಕೋಚಿ ಪ್ರಾಂತದ ಹಳ್ಳಿಯೊಂದರಲ್ಲಿ 1885ರ ನವೆಂಬರ್ 8ರಂದು ಹುಟ್ಟಿದವನು. ಅಪ್ಪ ಊರಿನ ವೈದ್ಯ. ಸೈನಿಕ ಶಾಲೆಯಿಂದ ಹೊರಬಿದ್ದ ಮೇಲೆ ಸ್ವಿಟ್ಜರ್ಲೆಂಡಿನಲ್ಲೂ ಆಸ್ಟ್ರಿಯಾದಲ್ಲೂ ಜಪಾನಿನ ರಾಯಭಾರ ಕಚೇರಿಗಳ ಸೇನಾ ಅಧಿಕಾರಿಯಾಗಿದ್ದ. 1936ರ ಫೆಬ್ರವರಿ 26ರಂದು ಟೋಕಿಯೋದಲ್ಲಿ ಕಿರಿಯ ಅಧಿಕಾರಿಗಳು ದಂಗೆಯೆದ್ದು ಮಂತ್ರಿಗಳನ್ನು ಕೊಂದರು. ಯಮಾಶಿತ ಅವರ ಬಗ್ಗೆ ಮೃದುವಾಗಿ ನಡೆದುಕೊಂಡ. ಅದು ಚಕ್ರವರ್ತಿಗೆ ಹಿಡಿಸಲಿಲ್ಲ, ಇವನನ್ನು ಕೊರಿಯಾಕ್ಕೆ ಕಳಿಸಿದರು. ಮುಂದೆ ಪ್ರಧಾನಿಯಾದ ತೋಜೋಗೂ ಇವನಿಗೂ ಮೊದಲಿನಿಂದ ಆಗಿಬರುತ್ತಿರಲಿಲ್ಲ. ಹೀಗೆ ದೊಡ್ಡವರ ಕಣ್ಣಿಗೆ ಮುಳ್ಳಾಗಿದ್ದವನು, ಆದರೆ ಕಾಳಗ ಬಂದಾಗ ಬಿಟ್ಟಿರಲು ಆಗದವನು.

ಅವನನ್ನು ‘ಮಲಯದ ಹುಲಿ’ ಎಂದದ್ದು ಯಾಕೆ?

1941ರ ಡಿಸೆಂಬರ್ 8ರಂದು ಅವನ 25ನೇ ಸೇನೆ ಥಾಯ್ಲೆಂಡಿನ ದಕ್ಷಿಣ ತೀರದಲ್ಲೂ ಮಲಯದ ಕೋಟಾ ಬಾರುವಿನಲ್ಲೂ ಇಳಿಯಿತು. ಎಪ್ಪತ್ತು ದಿನಗಳಲ್ಲಿ ಇಡೀ ಪರ್ಯಾಯ ದ್ವೀಪವನ್ನು ದಾಟಿ, 1942ರ ಫೆಬ್ರವರಿ 15ರಂದು ಸಿಂಗಾಪುರವನ್ನು ಹಿಡಿಯಿತು. ಸೈಕಲ್ ಹತ್ತಿ ಬಂದ ಸೈನ್ಯ ಎಂದು ಜನ ಈಗಲೂ ನೆನೆಯುತ್ತಾರೆ.

ಬುಕಿತ್ ತಿಮಾದ ಫೋರ್ಡ್ ಕಾರ್ಖಾನೆಯಲ್ಲಿ ಬ್ರಿಟಿಷ್ ಸೇನಾಧಿಪತಿ ಪರ್ಸಿವಲ್ ಎದುರಿಗೆ ಕೂತು, ಹೌದೋ ಅಲ್ಲವೋ ಹೇಳು ಎಂದು ಯಮಾಶಿತ ಗದರಿಸಿದ ಚಿತ್ರ ಜಗತ್ತಿನಾದ್ಯಂತ ಹೋಯಿತು. ಒಳಗಿನ ಸಂಗತಿ ಬೇರೆ. ಅವನ ಬಳಿ ಇದ್ದದ್ದು ಸುಮಾರು 30,000 ಸೈನಿಕರು, ಎದುರಾಳಿಯ ಬಳಿ ಅದರ ಎರಡು ಪಟ್ಟಿಗೂ ಹೆಚ್ಚು. ಮದ್ದುಗುಂಡು ತೀರುತ್ತ ಬಂದಿತ್ತು. ಬೀದಿ ಕಾಳಗಕ್ಕೆ ಇಳಿದರೆ ಸೋಲುತ್ತೇನೆಂಬ ಅಂಜಿಕೆಯಲ್ಲೇ ಮೇಜು ಗುದ್ದಿದ್ದ.

ಹಾಗಾದರೆ ಅವನ ಮೇಲೆ ಮೊಕದ್ದಮೆ ಹೂಡಿದ್ದು ಸಿಂಗಾಪುರದ ಕೃತ್ಯಗಳಿಗಾಗಿಯೇ?

ಅಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ವಿಚಾರಣೆ ನಡೆದದ್ದು ಫಿಲಿಪ್ಪೀನ್ಸ್‌ನಲ್ಲಿ, 1944ರ ಅಕ್ಟೋಬರ್‌ನಿಂದ 1945ರ ಸೆಪ್ಟೆಂಬರ್‌ವರೆಗೆ ಅಲ್ಲಿ ನಡೆದ ಕೃತ್ಯಗಳಿಗಾಗಿ. ಸಿಂಗಾಪುರದ ಮಾತನ್ನು ಕೊನೆಗೆ ಆಡುತ್ತೇನೆ. ನನ್ನ ಮಟ್ಟಿಗೆ ಈ ಕತೆಯ ಮುಳ್ಳು ಇರುವುದೇ ಅಲ್ಲಿ.

ಫಿಲಿಪ್ಪೀನ್ಸ್‌ಗೆ ಅವನು ಬಂದದ್ದು ಯಾವ ಸ್ಥಿತಿಯಲ್ಲಿ?

ಮನೆಗೆ ಬೆಂಕಿ ಬಿದ್ದ ಮೇಲೆ ಯಜಮಾನಿಕೆ ಕೊಟ್ಟಂತೆ. ಸಿಂಗಾಪುರ ಗೆದ್ದ ಕೆಲವೇ ತಿಂಗಳಲ್ಲಿ, 1942ರ ಜುಲೈಯಲ್ಲಿ, ಅವನನ್ನು ಮಂಚೂರಿಯಾದ ಮೂಲೆಗೆ ಅಟ್ಟಿದ್ದರು. ತೋಜೋ ಕೆಳಗಿಳಿದ ಮೇಲೆ ಕರೆಸಿ 14ನೇ ವಲಯ ಸೇನೆಯ ಅಧಿಪತ್ಯ ಕೊಟ್ಟರು. 1944ರ ಅಕ್ಟೋಬರ್ ಮೊದಲಲ್ಲಿ ಅವನು ಮನಿಲಾ ತಲುಪಿದ. ಅಕ್ಟೋಬರ್ 20ಕ್ಕೆ ಅಮೆರಿಕನ್ನರು ಲೇಟೆ ದ್ವೀಪದಲ್ಲಿ ಇಳಿದೇಬಿಟ್ಟರು. ಅವನ ಸೇನಾ ಮುಖ್ಯಸ್ಥ ಮುತೋ ಅಕಿರಾ ಬಂದು ಸೇರಿದ್ದೂ ಆ ದಿನವೇ.

ನೌಕಾಪಡೆ ಅವನ ಮಾತು ಕೇಳಬೇಕಾಗಿರಲಿಲ್ಲ. ವಾಯುಸೇನೆ ಅವನ ಅಧೀನಕ್ಕೆ ಬಂದದ್ದು 1945ರ ಜನವರಿ 1ರಂದು. ಮೇಲೆ ಫೀಲ್ಡ್ ಮಾರ್ಷಲ್ ತೆರಾವುಚಿ ಲೇಟೆಯಲ್ಲೇ ಕಾದಾಡು ಎನ್ನುತ್ತಿದ್ದ, ಇವನಿಗೆ ಲುಜಾನ್ ದ್ವೀಪದಲ್ಲಿ ಕಾದಾಡುವುದು ಬೇಕಿತ್ತು. ಜನವರಿ 9ರಂದು ಅಮೆರಿಕನ್ನರು ಲಿಂಗಾಯೆನ್ ಕೊಲ್ಲಿಯಲ್ಲಿ ಇಳಿದಾಗ ಯಮಾಶಿತನ ಬಿಡಾರ ಉತ್ತರದ ಬೆಟ್ಟದ ಊರು ಬಾಗಿಯೋದಲ್ಲಿತ್ತು.

ಮನಿಲಾದಲ್ಲಿ ಏನಾಯಿತು?

1945ರ ಫೆಬ್ರವರಿ 3ರಿಂದ ಮಾರ್ಚ್ 3ರವರೆಗೆ ಅಮೆರಿಕನ್ನರಿಗೂ ಜಪಾನೀಯರಿಗೂ ನಡೆದ ಕಾಳಗದಲ್ಲಿ ಒಂದು ತಿಂಗಳು ನಗರ ಬೆಂದುಹೋಯಿತು. ಸುಮಾರು ಒಂದು ಲಕ್ಷ ನಾಗರಿಕರು ಸತ್ತರೆಂದು ಸಾಮಾನ್ಯವಾಗಿ ಹೇಳುತ್ತಾರೆ. ಇಂಟ್ರಾಮುರೋಸ್‌ನ ಕೋಟೆಯೊಳಗೆ ಜಪಾನೀಯರು ಗಂಡಸರನ್ನು ಕೂಡಿಹಾಕಿ ಸುಟ್ಟರು. ದೆ ಲಾ ಸಾಲ್ ಕಾಲೇಜಿನಲ್ಲಿದ್ದ ಕ್ರೈಸ್ತ ಸನ್ಯಾಸಿಗಳನ್ನೂ ಅಲ್ಲಿ ಆಶ್ರಯ ಪಡೆದಿದ್ದ ಸಂಸಾರಗಳನ್ನೂ ಬಯೊನೆಟ್ಟಿನಿಂದ ಇರಿದರು. ಜರ್ಮನ್ ಕ್ಲಬ್, ರೆಡ್ ಕ್ರಾಸ್ ಕಟ್ಟಡ, ಸೇಂಟ್ ಪಾಲ್ ಕಾಲೇಜು, ಎಲ್ಲ ಕಡೆಯೂ ಇದೇ. ಬೇವ್ಯೂ ಹೋಟೆಲಿಗೆ ಹೆಣ್ಣುಮಕ್ಕಳನ್ನು ಎಳೆದೊಯ್ದು ದಿನಗಟ್ಟಲೆ ಅತ್ಯಾಚಾರ ಮಾಡಿದರು. ಸತ್ತವರಲ್ಲಿ ಅಮೆರಿಕನ್ನರ ಫಿರಂಗಿಗೆ ಬಲಿಯಾದವರೂ ಬಹಳ ಮಂದಿ. ವಿಚಾರಣೆಯಲ್ಲಿ ಆ ಮಾತಿಗೆ ಜಾಗವಿರಲಿಲ್ಲ.

ಮನಿಲಾ ಒಂದೇ ಅಲ್ಲ. ಬಟಾಂಗಾಸ್ ಪ್ರಾಂತದಲ್ಲಿ ಗೆರಿಲ್ಲಾಗಳನ್ನು ಅಡಗಿಸುವ ಹೆಸರಿನಲ್ಲಿ ಹಳ್ಳಿಹಳ್ಳಿಯನ್ನೇ ಕೊಂದರು. ಅಲ್ಲಿ 25,000 ಮಂದಿ ಎಂದು ಸರ್ಕಾರಿ ವಕೀಲರು ಲೆಕ್ಕ ಕೊಟ್ಟರು. ಪಲಾವಾನ್ ದ್ವೀಪದಲ್ಲಿ 1944ರ ಡಿಸೆಂಬರ್ 14ರಂದು 150 ಅಮೆರಿಕನ್ ಯುದ್ಧಕೈದಿಗಳನ್ನು ಕಂದಕಕ್ಕೆ ಇಳಿಸಿ ಪೆಟ್ರೋಲ್ ಸುರಿದು ಬೆಂಕಿಯಿಟ್ಟರು. ಬದುಕಿ ಓಡಿದವರು 11 ಮಂದಿ.

ಮನಿಲಾದಲ್ಲಿ ಕೊಂದವರು ಯಮಾಶಿತನ ಸೈನಿಕರೇ?

ಬಹುಪಾಲು ನೌಕಾಪಡೆಯವರು. ಮನಿಲಾವನ್ನು ಕಾಯುವುದು ಯಮಾಶಿತನಿಗೆ ಬೇಕಿರಲಿಲ್ಲ. ನಗರವನ್ನು ಬಿಟ್ಟು ಪೂರ್ವದ ಬೆಟ್ಟಗಳಿಗೆ ಹಿಂದೆ ಸರಿಯುವಂತೆ ಆ ಭಾಗದ ಜನರಲ್ ಯೊಕೊಯಾಮನಿಗೆ ಹೇಳಿದ್ದ. ಆದರೆ ರಿಯರ್ ಅಡ್ಮಿರಲ್ ಇವಾಬುಚಿ ಬಂದರನ್ನು ಹಾಳುಮಾಡುವ ನೌಕಾಪಡೆಯ ಆದೇಶ ಹಿಡಿದು ತನ್ನ ಸುಮಾರು 16,000 ಮಂದಿಯೊಂದಿಗೆ ಅಲ್ಲೇ ಕೂತ. ಕಾಗದದ ಮೇಲೆ, ನೆಲದ ಕಾಳಗದ ಮಟ್ಟಿಗೆ, ಇವಾಬುಚಿ ಯೊಕೊಯಾಮನ ಕೆಳಗೆ, ಯೊಕೊಯಾಮ ಯಮಾಶಿತನ ಕೆಳಗೆ. ಸರ್ಕಾರಿ ವಕೀಲರು ಹಿಡಿದದ್ದು ಆ ಎಳೆಯನ್ನು. ಇವಾಬುಚಿ ಅಲ್ಲೇ ಸತ್ತಿದ್ದರಿಂದ ಅವನನ್ನು ಕೇಳುವಂತಿರಲಿಲ್ಲ.

ಬಟಾಂಗಾಸ್ ವಿಷಯ ಹಾಗಲ್ಲ. ಅಲ್ಲಿ ಕೊಂದದ್ದು ಕರ್ನಲ್ ಫುಜಿಶಿಗೆಯ ಪಡೆ, ಅಪ್ಪಟ ಭೂಸೇನೆ. ‘ಎಲ್ಲ ನೌಕಾಪಡೆಯವರದೇ ತಪ್ಪು’ ಎಂದು ಮಾತು ಮುಗಿಸುವವರು ಬಟಾಂಗಾಸನ್ನು ಮರೆತಿರುತ್ತಾರೆ.

ಅವನು ಸಿಕ್ಕಿಬಿದ್ದದ್ದು ಹೇಗೆ?

ಸಿಕ್ಕಿಬೀಳಲಿಲ್ಲ, ತಾನಾಗಿ ಇಳಿದು ಬಂದ. 1945ರ ಸೆಪ್ಟೆಂಬರ್ 2ರಂದು ಕಿಯಾಂಗಾನ್‌ನ ಬೆಟ್ಟಗಳಿಂದ ಹೊರಬಂದು, ಮರುದಿನ ಬಾಗಿಯೋದ ಕ್ಯಾಂಪ್ ಜಾನ್ ಹೇಯಲ್ಲಿ ಶರಣಾಗತಿಗೆ ಸಹಿ ಹಾಕಿದ. ಎದುರಿಗೆ ಕೂತಿದ್ದವರಲ್ಲಿ ಒಬ್ಬ ಪರ್ಸಿವಲ್. ಮೂರೂವರೆ ವರ್ಷ ಸೆರೆಯಲ್ಲಿದ್ದು ಒಣಗಿಹೋದವನನ್ನು ಈ ಗಳಿಗೆಗೆಂದೇ ಕರೆತಂದಿದ್ದರು. ಮೂರು ವಾರಕ್ಕೆ, ಸೆಪ್ಟೆಂಬರ್ 25ರಂದು, ಯಮಾಶಿತನ ಕೈಗೆ ದೋಷಾರೋಪ ಪತ್ರ ಬಂತು.

ಅದು ಎಂಥ ನ್ಯಾಯಾಲಯ?

ನ್ಯಾಯಾಲಯವೇ ಅಲ್ಲ, ಅಮೆರಿಕನ್ ಸೇನಾ ಆಯೋಗ. ಐವರು ಜನರಲ್‌ಗಳು, ಅಧ್ಯಕ್ಷ ಮೇಜರ್ ಜನರಲ್ ರಸೆಲ್ ರೆನಾಲ್ಡ್ಸ್. ಐವರಲ್ಲಿ ಒಬ್ಬನೂ ಕಾನೂನು ಕಲಿತವನಲ್ಲ. ಆಯೋಗವನ್ನು ಕರೆದವನು ಜನರಲ್ ಸ್ಟೈಯರ್, ಅವನ ಮೇಲೆ ಕೂತವನು ಜನರಲ್ ಡಗ್ಲಾಸ್ ಮೆಕಾರ್ಥರ್. ಸಾಕ್ಷ್ಯದ ನಿಯಮಗಳನ್ನು ಬರೆಸಿದ್ದು ಮೆಕಾರ್ಥರ್‌ನ ಕಚೇರಿ. ಶಿಕ್ಷೆಯನ್ನು ಕೊನೆಗೆ ಖಾಯಂ ಮಾಡುವ ಅಧಿಕಾರವೂ ಅವನದೇ. 1942ರಲ್ಲಿ ಇದೇ ಫಿಲಿಪ್ಪೀನ್ಸ್‌ನಿಂದ ಜಪಾನೀಯರು ಓಡಿಸಿದ್ದೂ ಅವನನ್ನೇ. ನಮ್ಮೂರಿನ ಪಂಚಾಯಿತಿಯಲ್ಲೂ ಇಂಥ ಏರ್ಪಾಡನ್ನು ಯಾರೂ ಒಪ್ಪುತ್ತಿರಲಿಲ್ಲ.

ಯಮಾಶಿತನ ಪರ ವಾದಿಸಲು ನೇಮಕವಾದವರೂ ಅಮೆರಿಕನ್ ಸೇನೆಯವರೇ, ಕರ್ನಲ್ ಹ್ಯಾರಿ ಕ್ಲಾರ್ಕ್ ಮುಂದಾಳತ್ವದಲ್ಲಿ ಆರು ಮಂದಿ. ಶತ್ರುವಿನ ಪರ ನಿಲ್ಲಿಸಿದ್ದಾರಲ್ಲ ಎಂದು ಮೊದಲು ಮುಜುಗರಪಟ್ಟವರು, ಕೊನೆಗೆ ತಮ್ಮ ಸೇನಾಧಿಪತಿಯ ವಿರುದ್ಧವೇ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋದರು. ಈ ಇಡೀ ಪ್ರಕರಣದಲ್ಲಿ ತಲೆಯೆತ್ತಿ ನಿಲ್ಲಬಹುದಾದವರು ಅವರು ಎಂದೇ ನನ್ನ ಎಣಿಕೆ.

ಆರೋಪ ಏನಿತ್ತು?

ಕೊಂದ ಎಂದಲ್ಲ. ಕೊಲ್ಲಿ ಎಂದು ಹೇಳಿದ ಎಂದೂ ಅಲ್ಲ. ತನ್ನ ಕೈಕೆಳಗಿನವರನ್ನು ಹತೋಟಿಯಲ್ಲಿಡುವ ಸೇನಾಧಿಪತಿಯ ಕರ್ತವ್ಯವನ್ನು ಕಡೆಗಣಿಸಿ, ಅವರು ಘೋರ ಕೃತ್ಯಗಳನ್ನು ಎಸಗಲು ಬಿಟ್ಟ ಎಂದು. ಅವನಿಗೆ ಅವು ಗೊತ್ತಿದ್ದವು ಎಂದು ಆರೋಪ ಪತ್ರ ಹೇಳಿರಲೇ ಇಲ್ಲ.

ಅಕ್ಟೋಬರ್ 8ರಂದು 64 ಘಟನೆಗಳ ಪಟ್ಟಿ ಕೊಟ್ಟರು. ವಿಚಾರಣೆ ಶುರುವಾದ ಅಕ್ಟೋಬರ್ 29ರಂದು ಇನ್ನೂ 59 ಸೇರಿಸಿದರು. ಒಟ್ಟು 123. ಹೊಸ ಆರೋಪಗಳನ್ನು ಓದಿಕೊಳ್ಳಲು ಸಮಯ ಕೊಡಿ ಎಂದು ವಕೀಲರು ಕೇಳಿದರು, ಸಿಗಲಿಲ್ಲ.

ಸಾಕ್ಷ್ಯ ಎಂಥದ್ದು?

286 ಸಾಕ್ಷಿಗಳು, 423 ದಾಖಲೆಗಳು, ನಾಲ್ಕು ಸಾವಿರ ಪುಟ ದಾಟಿದ ವರದಿ. ಕೆಲವು ಸಾಕ್ಷಿಗಳು ಮೈಮೇಲಿನ ಬಯೊನೆಟ್ ಗಾಯಗಳನ್ನು ತೋರಿಸಿದರು. ತಾಯಂದಿರು ಕೂಸುಗಳ ಸಾವನ್ನು ಹೇಳಿಕೊಂಡರು. ಘೋರಗಳು ನಡೆದವು ಎಂಬುದನ್ನು ಯಮಾಶಿತನ ವಕೀಲರೂ ಅಲ್ಲಗಳೆಯಲಿಲ್ಲ.

ತಕರಾರು ಇದ್ದದ್ದು ಈ ಘೋರಗಳನ್ನು ಯಮಾಶಿತನ ಮೇಜಿನವರೆಗೆ ತರುವ ದಾರಿಯಲ್ಲಿ. ಮೆಕಾರ್ಥರ್‌ನ ನಿಯಮದ ಪ್ರಕಾರ ಆಯೋಗಕ್ಕೆ ಉಪಯುಕ್ತ ಎನಿಸಿದ ಯಾವುದನ್ನೂ ಒಪ್ಪಿಕೊಳ್ಳಬಹುದಿತ್ತು. ಯಾರೋ ಯಾರಿಂದಲೋ ಕೇಳಿದ್ದು ಬಂತು, ಪಾಟೀಸವಾಲಿಗೆ ಸಿಗದವರ ಅಫಿಡವಿಟ್‌ಗಳು ಬಂದವು, ಒಂದು ಪ್ರಚಾರ ಚಿತ್ರವನ್ನೂ ಪರದೆ ಹಾಕಿ ತೋರಿಸಿದರು.

ಅವನು ನೇರವಾಗಿ ಆಜ್ಞೆ ಕೊಟ್ಟ ಎಂದು ಹೇಳಿದವರು ಇಬ್ಬರೇ, ಇಬ್ಬರೂ ಜಪಾನೀಯರ ಜೊತೆ ಕೈಜೋಡಿಸಿ ಈಗ ಸೆರೆಯಲ್ಲಿದ್ದವರು. ಹಳೆಯ ಕ್ರಾಂತಿಕಾರಿ ಅರ್ತೇಮಿಯೋ ರಿಕಾರ್ತೆಗೆ ಯಮಾಶಿತ ‘ಫಿಲಿಪ್ಪೀನರನ್ನೆಲ್ಲ ಕೊಲ್ಲಬೇಕು’ ಎಂದದ್ದನ್ನು ತಾನೇ ಕೇಳಿದೆ, ರಿಕಾರ್ತೆಯ ಮೊಮ್ಮಗನೇ ಅದನ್ನು ಭಾಷಾಂತರಿಸಿದ ಎಂದ ಅವರಲ್ಲೊಬ್ಬ. ಯಮಾಶಿತನ ವಕೀಲರು ಆ ಮೊಮ್ಮಗನನ್ನೇ ಹುಡುಕಿ ತಂದು ಕಟಕಟೆಗೆ ಹತ್ತಿಸಿದರು. ಹುಡುಗ, ಹಾಗೆ ಯಾವತ್ತೂ ಆಗಲಿಲ್ಲ ಎಂದುಬಿಟ್ಟ.

ಯಮಾಶಿತ ತಾನೇನು ಹೇಳಿದ?

ಕಟಕಟೆಗೆ ಬಂದು ಹಲವು ದಿನ ಉತ್ತರಿಸಿದ. ಈ ಕೃತ್ಯಗಳು ತನಗೆ ಗೊತ್ತಿರಲಿಲ್ಲ, ಗೊತ್ತಿದ್ದರೆ ತಡೆಯುತ್ತಿದ್ದೆ, ಸಂಪರ್ಕ ಕಡಿದುಹೋಗಿತ್ತು, ಪಡೆಗಳನ್ನು ಹೋಗಿ ನೋಡಲು ಸಮಯವೇ ಇರಲಿಲ್ಲ ಎಂಬುದು ಅವನ ಮಾತಿನ ಸಾರ. ನೋಡಿದವರಿಗೆ ಅವನು ಸುಳ್ಳುಗಾರನಂತೆ ಕಾಣಲಿಲ್ಲ.

ಆದರೆ ಅವನಿಗೆ ಚುಚ್ಚುವ ಒಂದು ಸಾಕ್ಷ್ಯ ಅವನ ಕಚೇರಿಯಿಂದಲೇ ಬಂತು. ಗೆರಿಲ್ಲಾಗಳೆಂದು ಹಿಡಿದವರು ಬಹಳ ಮಂದಿ ಆಗಿದ್ದಾರೆ, ಎಲ್ಲರನ್ನೂ ಕ್ರಮವಾಗಿ ವಿಚಾರಿಸಲು ಹೊತ್ತಿಲ್ಲ, ಸೇನಾ ಪೊಲೀಸರೇ ಇತ್ಯರ್ಥ ಮಾಡುತ್ತಾರೆ ಎಂದು ಅವನ ಕಾನೂನು ಅಧಿಕಾರಿ ತಿಳಿಸಿದಾಗ ಯಮಾಶಿತ ಮಾತಾಡದೆ ತಲೆಯಾಡಿಸಿದನಂತೆ. ಆ ತಲೆಯಾಡಿಕೆಯ ಹಿಂದೆ ಎಷ್ಟು ಮಂದಿಯ ಪ್ರಾಣ ಇತ್ತು ಎಂದು ಯೋಚಿಸಿದರೆ, ‘ಏನೂ ಅರಿಯದ ಮುದುಕ’ ಎಂಬ ಚಿತ್ರ ನಿಲ್ಲುವುದಿಲ್ಲ.

ತೀರ್ಪು ಯಾವಾಗ ಬಂತು?

1945ರ ಡಿಸೆಂಬರ್ 7ರಂದು. ಪರ್ಲ್ ಹಾರ್ಬರ್ ದಾಳಿಗೆ ಅಂದಿಗೆ ನಾಲ್ಕು ವರ್ಷ. ದಿನ ತಾನಾಗಿ ಕೂಡಿಬಂತೆಂದು ನಂಬುವವರು ನಂಬಬಹುದು.

ಸೈನಿಕನೊಬ್ಬ ಕೊಲೆಯೋ ಅತ್ಯಾಚಾರವೋ ಮಾಡಿದ ಮಾತ್ರಕ್ಕೆ ಸೇನಾಧಿಪತಿಯನ್ನು ಕೊಲೆಗಾರ ಎನ್ನುವುದು ಅಸಂಬದ್ಧ ಎಂದು ಆಯೋಗ ಒಪ್ಪಿಕೊಂಡಿತು. ಆದರೆ ಅಂಥ ಕೃತ್ಯಗಳು ಎಲ್ಲೆಡೆ ಹರಡಿದ್ದು, ಅವನ್ನು ಪತ್ತೆಹಚ್ಚಿ ತಡೆಯುವ ನಿಜವಾದ ಪ್ರಯತ್ನವೇ ಆಗದಿದ್ದರೆ ಅಧಿಪತಿ ಹೊಣೆಗಾರ ಎಂದಿತು. ಗಲ್ಲು ಶಿಕ್ಷೆ. ಅವನಿಗೆ ಗೊತ್ತಿತ್ತೋ ಇಲ್ಲವೋ ಎಂಬುದನ್ನು ತೀರ್ಪು ಎಲ್ಲೂ ನೇರವಾಗಿ ಹೇಳಲಿಲ್ಲ.

ಅಮೆರಿಕದ ಸುಪ್ರೀಂ ಕೋರ್ಟ್ ಅವನು ತಪ್ಪಿತಸ್ಥ ಎಂದಿತೇ?

ಇಲ್ಲ. ತಪ್ಪಿತಸ್ಥನೋ ಅಲ್ಲವೋ ಎಂದು ನೋಡುವುದು ತನ್ನ ಕೆಲಸವಲ್ಲ ಎಂದಿತು. ಫಿಲಿಪ್ಪೀನ್ಸ್‌ನ ಸುಪ್ರೀಂ ಕೋರ್ಟ್‌ನಲ್ಲಿ ಸೋತ ವಕೀಲರು ವಾಷಿಂಗ್ಟನ್‌ಗೆ ಹೋಗಿ, ಸೆರೆಯೇ ಕಾನೂನುಬಾಹಿರ ಎನ್ನುವ ಹೇಬಿಯಸ್ ಕಾರ್ಪಸ್ ಅರ್ಜಿ ವಾದಿಸಿದರು. 1946ರ ಫೆಬ್ರವರಿ 4ರಂದು ಆರು–ಎರಡು ಮತಗಳಲ್ಲಿ ಸೋತರು. ಮುಖ್ಯ ನ್ಯಾಯಮೂರ್ತಿ ಸ್ಟೋನ್ ಬರೆದ ತೀರ್ಪಿನ ಪ್ರಕಾರ ಆಯೋಗ ಕಾನೂನುಬದ್ಧ, ಸೇನಾಧಿಪತಿಗೆ ತನ್ನವರನ್ನು ಹತೋಟಿಯಲ್ಲಿಡುವ ಕರ್ತವ್ಯ ಯುದ್ಧದ ನಿಯಮಗಳಲ್ಲೇ ಇದೆ, ಸಾಕ್ಷ್ಯದ ತಕರಾರನ್ನು ಸೇನೆಯ ಮೇಲಧಿಕಾರಿಗಳೇ ನೋಡಿಕೊಳ್ಳಬೇಕು. ಒಂಬತ್ತನೆಯ ನ್ಯಾಯಮೂರ್ತಿ ಜ್ಯಾಕ್ಸನ್ ನ್ಯೂರೆಂಬರ್ಗ್‌ನಲ್ಲಿ ನಾಜಿಗಳ ವಿಚಾರಣೆಗೆ ಸರ್ಕಾರಿ ವಕೀಲನಾಗಿದ್ದರಿಂದ ಮತ ಹಾಕಲಿಲ್ಲ.

ಈಗ ಜನ ಓದುವುದು ಸೋತ ಇಬ್ಬರನ್ನು, ಮರ್ಫಿ ಮತ್ತು ರಟ್ಲೆಜ್. ನಿನ್ನ ಸಂಪರ್ಕವನ್ನೂ ಹತೋಟಿಯನ್ನೂ ಮುರಿಯಲು ನಮ್ಮ ಸೈನ್ಯ ಕೈಲಾದದ್ದೆಲ್ಲ ಮಾಡಿತು, ಈಗ ಹತೋಟಿ ಇರಲಿಲ್ಲವೆಂದು ನಿನ್ನನ್ನೇ ಗಲ್ಲಿಗೇರಿಸುತ್ತೇವೆ ಎಂಬುದೇ ಈ ಆರೋಪದ ಅರ್ಥ ಎಂದು ಮರ್ಫಿ ವಾದಿಸಿದ. ಇವನು ಮನಿಲಾ ಗೊತ್ತಿಲ್ಲದವನಲ್ಲ. ಫಿಲಿಪ್ಪೀನ್ಸ್ ಅಮೆರಿಕದ ಕೈಯಲ್ಲಿದ್ದಾಗ ಅದರ ಕೊನೆಯ ಗವರ್ನರ್ ಜನರಲ್ ಆಗಿ, ಮೊದಲ ಹೈ ಕಮಿಷನರ್ ಆಗಿ ಅಲ್ಲಿ ಇದ್ದವನು. ವಿಚಾರಣೆ ನಡೆದ ಕಟ್ಟಡ ಹೈ ಕಮಿಷನರ್ ನಿವಾಸ. ರಟ್ಲೆಜ್ ಸಾಕ್ಷ್ಯದ ನಿಯಮಗಳನ್ನು ಒಂದೊಂದಾಗಿ ಬಿಚ್ಚಿಟ್ಟ, ಬಲು ಉದ್ದವಾಗಿ. ಓದಲು ತಾಳ್ಮೆ ಬೇಕು, ಓದಿದರೆ ಲಾಭವಿದೆ.

ಗಲ್ಲಿಗೇರಿಸಿದ್ದು ಎಲ್ಲಿ?

ಮನಿಲಾದ ದಕ್ಷಿಣಕ್ಕೆ ಲಾಸ್ ಬಾನ್ಯೋಸ್‌ನಲ್ಲಿ, 1946ರ ಫೆಬ್ರವರಿ 23ರ ನಸುಕಿನಲ್ಲಿ. ಅಧ್ಯಕ್ಷ ಟ್ರೂಮನ್ ಮಧ್ಯೆ ಬರಲಿಲ್ಲ. ಸಮವಸ್ತ್ರವನ್ನೂ ಪದಕಗಳನ್ನೂ ಕಿತ್ತುಹಾಕಿಯೇ ನೇಣಿಗೇರಿಸಬೇಕೆಂದು ಮೆಕಾರ್ಥರ್ ಬರೆದಿದ್ದ. 1942ರಲ್ಲಿ ಯುದ್ಧಕೈದಿಗಳನ್ನು ನಡೆಸಿ ನಡೆಸಿ ಸಾಯಿಸಿದ ಬಟಾನ್ ಸಾವಿನ ನಡಿಗೆಗಾಗಿ ಶಿಕ್ಷೆಗೊಳಗಾದ ಜನರಲ್ ಹೊಮ್ಮನನ್ನು ಏಪ್ರಿಲ್ 3ರಂದು ಅದೇ ಊರಿನಲ್ಲಿ ಗುಂಡಿಟ್ಟು ಕೊಂದರು. ಗುಂಡೇಟು ಸೈನಿಕನ ಸಾವು, ಹಗ್ಗ ಕಳ್ಳನ ಸಾವು ಎಂಬ ಭೇದ ಆ ಕಾಲದವರಿಗೆ ದೊಡ್ಡದಾಗಿತ್ತು.

ಇದಕ್ಕೂ ಟೋಕಿಯೋ ವಿಚಾರಣೆಗೂ ಏನು ಸಂಬಂಧ?

ಬೇರೆ ಬೇರೆ. ಟೋಕಿಯೋದ್ದು ಹನ್ನೊಂದು ದೇಶಗಳ ನ್ಯಾಯಮಂಡಳಿ, 1946ರಿಂದ 1948ರವರೆಗೆ ನಡೆದದ್ದು. ಕೋಲ್ಕತ್ತಾದ ರಾಧಾಬಿನೋದ್ ಪಾಲ್ ಅವರು ಭಿನ್ನಮತ ಬರೆದದ್ದು ಅಲ್ಲಿ. ಯಮಾಶಿತನ ಬಲಗೈಯಾಗಿದ್ದ ಮುತೋನನ್ನು ಗಲ್ಲಿಗೇರಿಸಿದ್ದೂ ಆ ತೀರ್ಪಿನ ಮೇಲೆ.

ಕನ್ನಡನಾಡಿಗೆ ಈ ಕತೆಯಲ್ಲಿ ಏನಾದರೂ ನಂಟಿದೆಯೇ?

ವಿಚಾರಣೆಗೆ ಇಲ್ಲ, ಸಿಂಗಾಪುರಕ್ಕೆ ಇದೆ. ಅಲ್ಲಿ ಸೆರೆಸಿಕ್ಕ ಸಾವಿರಾರು ಭಾರತೀಯ ಸೈನಿಕರನ್ನು ಎರಡೇ ದಿನದಲ್ಲಿ ಫಾರರ್ ಪಾರ್ಕ್ ಮೈದಾನದಲ್ಲಿ ಸೇರಿಸಿ ಜಪಾನೀಯರಿಗೆ ಒಪ್ಪಿಸಿದರು. ಆಜಾದ್ ಹಿಂದ್ ಫೌಜಿನ ಮೊದಲ ಬೀಜ ಅಲ್ಲಿ ಬಿತ್ತು. ಕೊಡಗಿನ ತಿಮ್ಮಯ್ಯನವರ ಅಣ್ಣ ಪೊನ್ನಪ್ಪನವರು ಆ ಫೌಜು ಸೇರಿದರು. 1945ರಲ್ಲಿ ಜಪಾನೀಯರು ಸಿಂಗಾಪುರದಲ್ಲಿ ಶರಣಾದಾಗ ಭಾರತೀಯ ಸೇನೆಯ ಪರವಾಗಿ ಹಾಜರಿದ್ದವರಲ್ಲಿ ತಮ್ಮ ತಿಮ್ಮಯ್ಯನವರು ಒಬ್ಬರು. ಏಕವಚನದ ನನ್ನ ನಿಯಮ ಇಲ್ಲಿ ಮುರಿಯಿತು, ಕನ್ನಡದ ಕೈ ಕೇಳಲಿಲ್ಲ.

‘ಯಮಾಶಿತನ ಬಂಗಾರ’ ನಿಜವೇ?

ಲೂಟಿಮಾಡಿದ ಚಿನ್ನವನ್ನು ಲುಜಾನ್‌ನ ಗುಹೆಗಳಲ್ಲಿ ಹೂತಿಟ್ಟ ಎಂಬ ಕತೆ. 1971ರಲ್ಲಿ ಬಾಗಿಯೋ ಬಳಿ ಬಂಗಾರದ ಬುದ್ಧ ಸಿಕ್ಕಿದ, ಫಿಲಿಪ್ಪೀನ್ಸ್‌ನ ಅಧ್ಯಕ್ಷ ಮಾರ್ಕೋಸ್ ಕಿತ್ತುಕೊಂಡ ಎಂದು ಒಬ್ಬ ಹವಾಯಿಯಲ್ಲಿ ದಾವೆಯನ್ನೂ ಹೂಡಿದ. ವಿಚಾರಣೆಗೂ ಇದಕ್ಕೂ ಸಂಬಂಧವಿಲ್ಲ. ನಿಧಿಯ ಹುಚ್ಚು ಹಿಡಿದವರಿಗೆ ನಾನು ಬುದ್ಧಿ ಹೇಳಲು ಹೋಗುವುದಿಲ್ಲ.

ಈ ಪ್ರಕರಣ ಕಾನೂನಿನಲ್ಲಿ ಉಳಿಸಿದ್ದೇನು?

‘ಯಮಾಶಿತ ಅಳತೆ’ ಎಂಬ ಹೆಸರನ್ನು. ಕೈಕೆಳಗಿನವರು ಮಾಡಿದ್ದು ಗೊತ್ತಿಲ್ಲದಿದ್ದರೂ ಅಧಿಪತಿ ಹೊಣೆ ಎಂಬ ಕಠಿಣ ಓದು ಅದು. ಆಮೇಲಿನವರು ಅದನ್ನು ಹಾಗೆಯೇ ಒಪ್ಪಲಿಲ್ಲ. 1949ರಲ್ಲಿ ಟೋಕಿಯೋದಲ್ಲಿ ಇಂಥದೇ ಆರೋಪ ಹೊತ್ತ ಅಡ್ಮಿರಲ್ ತೊಯೋದನನ್ನು ಬಿಡುಗಡೆ ಮಾಡಿದರು. 1971ರಲ್ಲಿ, ವಿಯೆಟ್ನಾಮಿನ ಮೈ ಲಾಯ್ ಹತ್ಯಾಕಾಂಡಕ್ಕಾಗಿ ಕ್ಯಾಪ್ಟನ್ ಮೆಡಿನಾನನ್ನು ಅಮೆರಿಕನ್ ಸೇನೆ ವಿಚಾರಿಸಿದಾಗ, ನಿಜವಾಗಿ ಗೊತ್ತಿತ್ತು ಎಂದು ಸಾಬೀತಾಗಬೇಕು ಎಂದು ನ್ಯಾಯಾಧೀಶ ಪಂಚರಿಗೆ ಹೇಳಿದ. ಮೆಡಿನಾ ಹೊರಬಂದ. ಜಪಾನಿ ಜನರಲ್‌ಗೆ ಒಂದು ಅಳತೆ, ಅಮೆರಿಕನ್ ಕ್ಯಾಪ್ಟನ್‌ಗೆ ಇನ್ನೊಂದು ಎಂದು ಅಂದಿನಿಂದ ಕೇಳುತ್ತಲೇ ಬಂದಿದ್ದಾರೆ, ಅದಕ್ಕೆ ನೆಟ್ಟಗಿನ ಉತ್ತರ ಸಿಕ್ಕಿಲ್ಲ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ರೋಮ್ ಶಾಸನದ 28ನೇ ವಿಧಿ ಈಗ ನಡುದಾರಿ ಹಿಡಿದಿದೆ: ಸೇನಾಧಿಪತಿಗೆ ಗೊತ್ತಿರಬೇಕು, ಇಲ್ಲವೇ ಆ ಸಂದರ್ಭದಲ್ಲಿ ಗೊತ್ತಿರಲೇಬೇಕಾಗಿತ್ತು ಎನ್ನುವಂತಿರಬೇಕು, ಅವನ ಕೈಯಲ್ಲಿ ನಿಜವಾದ ಹತೋಟಿಯೂ ಇರಬೇಕು.

ಹಾಗಾದರೆ ಅವನು ನಿರಪರಾಧಿಯೇ? ಸಿಂಗಾಪುರದ ಲೆಕ್ಕ ಏನಾಯಿತು?

ಎರಡು ಪ್ರಶ್ನೆಗೂ ಉತ್ತರ ಒಂದೇ ಕಡೆ ಇರುವುದರಿಂದ ಕೂಡಿಸಿದ್ದೇನೆ. ನಿಯಮ ಸರಿಯಾದದ್ದು ಎಂದೇ ನಾನು ಒಪ್ಪುತ್ತೇನೆ. ಸೈನ್ಯ ಕೊಳ್ಳೆಹೊಡೆದು ಕೊಲ್ಲುವಾಗ ‘ನಾನು ನೋಡಲಿಲ್ಲ’ ಎನ್ನುವ ಸೇನಾಧಿಪತಿಯನ್ನು ಬಿಡಬಾರದು. ಆದರೆ ಆ ನಿಯಮವನ್ನು ಅವನ ಮೇಲೆ ಹೂಡಿದ ಜಾಗ ತಪ್ಪು. ಹತೋಟಿ ತೀರಾ ಕಡಿಮೆ ಇದ್ದ ಮನಿಲಾಕ್ಕಾಗಿ ಅವನನ್ನು ಕೊಂದರು. ಹತೋಟಿ ಪೂರ್ತಿ ಇದ್ದ ಊರಿನ ಲೆಕ್ಕವನ್ನು ಅವನಿಂದ ಯಾರೂ ಕೇಳಲಿಲ್ಲ.

1942ರ ಫೆಬ್ರವರಿಯಲ್ಲಿ ಸಿಂಗಾಪುರ ಬಿದ್ದ ಕೆಲವೇ ದಿನಗಳಲ್ಲಿ, ಚೀನೀ ಸಮುದಾಯದ ‘ವಿರೋಧಿ’ಗಳನ್ನು ಆರಿಸಿ ತೆಗೆಯುವಂತೆ ಯಮಾಶಿತನ 25ನೇ ಸೇನೆಯ ಕೇಂದ್ರದಿಂದಲೇ ಆದೇಶ ಹೊರಟಿತು. ಗಂಡಸರನ್ನು ಸಾಲಾಗಿ ನಿಲ್ಲಿಸಿದರು, ಕೆಲವರ ತೋಳಿಗೋ ಅಂಗಿಗೋ ಮುದ್ರೆ ಒತ್ತಿ ಬಿಟ್ಟರು, ಉಳಿದವರನ್ನು ಲಾರಿಗೆ ತುಂಬಿ ಕಡಲ ತೀರಕ್ಕೆ ಒಯ್ದರು. ಸೂಕ್ ಚಿಂಗ್ ಎನ್ನುತ್ತಾರೆ ಅದನ್ನು. ಜಪಾನೀಯರು ಒಪ್ಪಿದ್ದು ಸುಮಾರು 5,000, ಅಲ್ಲಿನ ಚೀನೀಯರು ಹೇಳುವುದು 50,000ದವರೆಗೆ.

ಬ್ರಿಟಿಷರು 1947ರಲ್ಲಿ ಈ ಕೃತ್ಯಕ್ಕೆ ಸಿಂಗಾಪುರದಲ್ಲಿ ವಿಚಾರಣೆ ನಡೆಸಿ ಇಬ್ಬರಿಗೆ ಗಲ್ಲು, ಐವರಿಗೆ ಜೀವಾವಧಿ ಕೊಟ್ಟರು. ಊರಿನವರು ಇದು ಸಾಲದೆಂದು ಕೂಗಾಡಿದರು. ಆದೇಶದ ಮೂಲದಲ್ಲಿದ್ದವನು ಆ ಹೊತ್ತಿಗೆ ಲಾಸ್ ಬಾನ್ಯೋಸ್‌ನ ಮಣ್ಣು ಸೇರಿ ವರ್ಷವಾಗಿತ್ತು. 1962ರಲ್ಲಿ ಸಿಗ್ಲಾಪ್‌ನಲ್ಲಿ ನೆಲ ಅಗೆದಾಗ ಎಲುಬುಗಳು ರಾಶಿರಾಶಿಯಾಗಿ ಹೊರಬಂದವು. ಅವನ್ನು ಮಡಕೆಗಳಲ್ಲಿ ತುಂಬಿ ಹೂತು, ಮೇಲೆ ನಾಲ್ಕು ಬಿಳಿ ಕಂಬಗಳ ಸ್ಮಾರಕವನ್ನು ಬೀಚ್ ರೋಡಿನಲ್ಲಿ 1967ರ ಫೆಬ್ರವರಿ 15ರಂದು ತೆರೆದರು. ಪರ್ಸಿವಲ್ ಸಹಿ ಹಾಕಿದ ದಿನ ಅದು.